ಖಾಲಿ ಕುರ್ಚಿಗೆ ಬೈಯುವವರು

ಬೆಳಿಗ್ಗೆ ದಾವಣಗೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಸಾಲು ನಿಂತು ಬಂದವನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಯಾವ ಕಚೇರಿ ಎಂದು ಕೇಳಬೇಡಿ, ಅಲ್ಲಿ ನನ್ನ ಕೆಲಸ ಇನ್ನೂ ಬಾಕಿ ಇದೆ. ಮೂರು ಕಿಟಕಿಗಳಲ್ಲಿ ಒಂದರ ಹಿಂದೆ ಮಾತ್ರ ಒಬ್ಬ ಹೆಣ್ಣುಮಗಳು ಕುಳಿತಿದ್ದರು. ಅರ್ಜಿ ತೆಗೆದುಕೊಳ್ಳುವುದು, ರಸೀದಿ ಬರೆಯುವುದು, ಒಳಗಿನಿಂದ ಸಾಹೇಬರು ಗಂಟೆ ಒತ್ತಿದಾಗ ಕಡತ ಹಿಡಿದು ಓಡುವುದು, ವಾಪಸು ಬಂದು ಸರ್ವರ್ ಎದ್ದಿದೆಯೇ ಎಂದು ನೋಡುವುದು, ಎಲ್ಲವೂ ಅವರೊಬ್ಬರದೇ. ಉಳಿದೆರಡು ಕುರ್ಚಿಗಳ ಮೇಲೆ ಹಳೆಯ ಕಡತಗಳ ಗಂಟು ಕೂತಿತ್ತು. ನನ್ನ ಹಿಂದಿದ್ದ ಗರಿಗರಿ ಅಂಗಿಯ ಮಹನೀಯರು ಆ ಕುರ್ಚಿಗಳತ್ತ ಕೈ ಮಾಡಿ, ಸಾಲಿಗೆಲ್ಲ ಕೇಳುವಂತೆ, "ನೋಡಿ, ಹತ್ತೂವರೆಯಾದರೂ ಪತ್ತೆ ಇಲ್ಲ. ಇವರನ್ನೆಲ್ಲ ಮನೆಗೆ ಕಳಿಸಬೇಕು. ಅಮೆರಿಕದಲ್ಲಿ ಆ ಮಸ್ಕ್ ಮಾಡಿದನಲ್ಲ, ಹಾಗೆ. ಒಂದು ಇ-ಮೇಲ್, ಕಚೇರಿ ಖಾಲಿ!" ಎಂದರು. ಸಾಲು ತಲೆದೂಗಿತು. ಅವರು ಹೇಳಿದ್ದು ಉದ್ಯಮಿ ಇಲಾನ್ ಮಸ್ಕ್ ಬಗ್ಗೆ, 2025ರಲ್ಲಿ ಟ್ರಂಪ್ ಸರ್ಕಾರದ ಖರ್ಚು ಕಡಿತದ ಹೊಣೆ ಹೊತ್ತವರು.

ಖಾಲಿಯಾಗಿಯೇ ಇದೆಯಲ್ಲ ಸ್ವಾಮಿ, ಇನ್ನೇನು ಖಾಲಿ ಮಾಡುತ್ತೀರಿ?

ಆ ಕುರ್ಚಿಗಳಿಗೆ ಯಾರೂ ತಡವಾಗಿ ಬರುತ್ತಿಲ್ಲ. ಒಬ್ಬರು ನಿವೃತ್ತರಾದರು, ಇನ್ನೊಬ್ಬರಿಗೆ ವರ್ಗವಾಯಿತು, ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ನಮ್ಮ ರಾಜ್ಯದಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹೀಗೆ ಬಿದ್ದಿವೆ, ಹೆಚ್ಚುಕಡಿಮೆ ಮೂರಕ್ಕೆ ಒಂದು. ಇದನ್ನು ಹೇಳಿದ್ದಕ್ಕೆ ಮಹನೀಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೂ ಸರ್ಕಾರಿ ನೌಕರರಾಗಿದ್ದವರೋ?" ಎಂದರು. ಅಲ್ಲಿಗೆ ವಾದ ಮುಗಿಯಿತು. ನಾನು ಅಪರಾಧಿ, ಅವರು ತೆರಿಗೆದಾರರು.

ನನ್ನ ಸ್ನೇಹಿತರಿಗೆ ಗೊತ್ತು, ನಾನು ಲೆಕ್ಕಪರಿಶೋಧನೆಯಲ್ಲಿ ತಲೆ ನರೆಸಿಕೊಂಡವನು. ಚಿತ್ರದುರ್ಗ ಒಂದೇ ಜಿಲ್ಲೆಯಾಗಿದ್ದಾಗಲೂ, 1997ರಲ್ಲಿ ದಾವಣಗೆರೆ ಬೇರೆಯಾದ ಮೇಲೂ, ಜಗಳೂರು, ಮೊಳಕಾಲ್ಮೂರು, ಹೊಸದುರ್ಗ ಎಂದು ಪಂಚಾಯಿತಿಗಳ ನಗದು ಪುಸ್ತಕ, ಓಚರು, ಅಳತೆ ಪುಸ್ತಕ ಮಗುಚಿದವನು. ಸರ್ಕಾರಿ ದುಡ್ಡು ಹೇಗೆ ಸೋರುತ್ತದೆ ಎಂದು ನನಗೆ ಯಾರೂ ಪಾಠ ಹೇಳಬೇಕಿಲ್ಲ. ಅದಕ್ಕೇ ಈ "ಮಸ್ಕ್ ಬೇಕು" ಎಂಬ ಹಾಡು ಕೇಳಿದಾಗ ಮೈ ಉರಿಯುತ್ತದೆ. ಸೋರುವ ಜಾಗ ಹುಡುಕುವ ಕಷ್ಟ ಯಾರಿಗೂ ಬೇಡ. ಎದುರಿಗೆ ಕಂಡ ಮನುಷ್ಯನನ್ನು ಕಿತ್ತರೆ ಉಳಿತಾಯವಾಯಿತು ಎಂದು ಚಪ್ಪಾಳೆ.

ಸರಿ, ಆ ಅಮೆರಿಕದ ಲೆಕ್ಕವನ್ನೇ ತೆಗೆಯೋಣ. 2024ರ ಚುನಾವಣಾ ಸಭೆಯಲ್ಲಿ ಮಸ್ಕ್ ಹೇಳಿದ್ದು ಕನಿಷ್ಠ 2 ಲಕ್ಷ ಕೋಟಿ ಡಾಲರ್ ಉಳಿಸುತ್ತೇನೆ ಎಂದು. ಜನವರಿಗೆ ಅದು 1 ಲಕ್ಷ ಕೋಟಿಗೆ ಇಳಿಯಿತು. ಏಪ್ರಿಲ್‌ನಲ್ಲಿ ಟ್ರಂಪ್ ಅವರ ಸಂಪುಟ ಸಭೆಯಲ್ಲಿ ಕುಳಿತು 15,000 ಕೋಟಿ ಎಂದರು. ನಮ್ಮ ಯಾವುದಾದರೂ ಗ್ರಾಮ ಪಂಚಾಯಿತಿಯ ಕಾರ್ಯದರ್ಶಿ ಆಯವ್ಯಯ ಅಂದಾಜನ್ನು ಆರು ತಿಂಗಳಲ್ಲಿ ಹೀಗೆ ಕುಗ್ಗಿಸಿದ್ದರೆ ನಾನು ಕೆಂಪು ಶಾಯಿಯಲ್ಲಿ ಬರೆದು ವಿವರಣೆ ಕೇಳುತ್ತಿದ್ದೆ. ಅಲ್ಲಿ ವಿವರಣೆ ಕೇಳುವ ಹೊತ್ತಿಗೆ ಅವರು ವೇದಿಕೆಯ ಮೇಲೆ ಅರ್ಜೆಂಟೀನಾದ ಅಧ್ಯಕ್ಷರು ಕೊಟ್ಟ ಯಂತ್ರದ ಗರಗಸ ಝಳಪಿಸಿ ಆಗಿತ್ತು. ಆ ಗರಗಸದ ವಿಡಿಯೋ ಮಾತ್ರ ನಮ್ಮ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂತು. ಅಂಕಿಅಂಶ ಇಳಿದದ್ದು ಒಂದು ಗುಂಪಿಗೂ ಬರಲಿಲ್ಲ.

ಮಸ್ಕ್ ತಂಡದವರು ಉಳಿತಾಯದ ರಸೀದಿಗಳನ್ನು ಜಾಲತಾಣದಲ್ಲಿ ಹಾಕಿದರು. ಪಾರದರ್ಶಕತೆ, ಬಹಳ ಸಂತೋಷ. ಆ ಪಟ್ಟಿಯಲ್ಲಿ 800 ಕೋಟಿ ಡಾಲರ್ ಗುತ್ತಿಗೆಯೊಂದನ್ನು ರದ್ದು ಮಾಡಿದ್ದೇವೆ ಎಂದಿತ್ತು. ಪತ್ರಕರ್ತರು ನೋಡಿದರೆ ಅದು 80 ಲಕ್ಷ ಡಾಲರ್ ಗುತ್ತಿಗೆ. ಸಾವಿರ ಪಟ್ಟು ವ್ಯತ್ಯಾಸ! ಗಾಜಾಕ್ಕೆ 5 ಕೋಟಿ ಡಾಲರ್ ಮೌಲ್ಯದ ಕಾಂಡೋಮ್ ಹೋಗುತ್ತಿತ್ತು ಎಂದು ಶ್ವೇತಭವನವೇ ಹೇಳಿತು. ಅದಕ್ಕೆ ಪುರಾವೆ ಸಿಗಲಿಲ್ಲ. ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಗಾಜಾ ಎಂಬ ಪ್ರಾಂತ್ಯವಿದೆ, ಅಲ್ಲಿ ಎಚ್‌ಐವಿ ತಡೆಯುವ ಕಾರ್ಯಕ್ರಮವಿತ್ತು ಎಂದು ಪತ್ರಕರ್ತರೊಬ್ಬರು ತೋರಿಸಿದಾಗ, ತಾನು ಹೇಳುವುದರಲ್ಲಿ ಕೆಲವು ತಪ್ಪಿರುತ್ತವೆ, ತಿದ್ದಬೇಕು ಎಂದು ಮಸ್ಕ್ ನಕ್ಕು ಮುಂದಕ್ಕೆ ಹೋದರು.

ನಮ್ಮ ದೇಶಕ್ಕೂ ಒಂದು ಪಾಲು ಬಂತು, ನೆನಪಿದೆಯೇ? 2025ರ ಫೆಬ್ರುವರಿಯಲ್ಲಿ, ಭಾರತದಲ್ಲಿ ಮತದಾನ ಹೆಚ್ಚಿಸಲು ಕೊಡುತ್ತಿದ್ದ 2.1 ಕೋಟಿ ಡಾಲರ್ ರದ್ದು ಎಂದರು. ನಮ್ಮ ವಾಹಿನಿಗಳು ರಾತ್ರಿಯೆಲ್ಲ ಕೂಗಾಡಿದವು. ಯಾರು ತಿಂದರು 180 ಕೋಟಿ ರೂಪಾಯಿ, ಯಾವ ಪಕ್ಷ, ಯಾವ ಸಂಸ್ಥೆ? ಒಂದೇ ವಾರದಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ದಾಖಲೆ ತೆಗೆದು, ಅದು ಬಾಂಗ್ಲಾದೇಶಕ್ಕೆ ಮಂಜೂರಾಗಿದ್ದ ಹಣ ಎಂದು ಬರೆಯಿತು. ಆಗಸ್ಟ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ರಾಜ್ಯಸಭೆಗೆ ಹೇಳಿತು: ಭಾರತದಲ್ಲಿ ಮತದಾನ ಹೆಚ್ಚಿಸಲು 2014ರಿಂದ 2024ರವರೆಗೆ ಅಂಥ ಹಣ ಬಂದೂ ಇಲ್ಲ, ಕೊಟ್ಟೂ ಇಲ್ಲ ಎಂದು ಅಮೆರಿಕದ ರಾಯಭಾರ ಕಚೇರಿ ತಿಳಿಸಿದೆ. ನಮ್ಮ ಬಂಧುಗಳ ಗುಂಪಿನಲ್ಲಿ ಮೊದಲ ಸುದ್ದಿಗೆ ಚಪ್ಪಾಳೆ ಚಿಹ್ನೆಗಳ ಮೆರವಣಿಗೆಯೇ ಹೊರಟಿತ್ತು. ಎರಡನೆಯದನ್ನು ನಾನೇ ಹಾಕಿದೆ. ಯಾರೋ ಅದರ ಕೆಳಗೆ ಶುಭೋದಯದ ಗುಲಾಬಿ ಹಾಕಿದರು.

ನನಗೆ ನಿಜವಾಗಿ ಹೊಟ್ಟೆ ಉರಿಸಿದ್ದು ಇದಾವುದೂ ಅಲ್ಲ. ಹೊಸ ಸರ್ಕಾರ ಬಂದ ವಾರದಲ್ಲೇ, ಜನವರಿ 24ರ ರಾತ್ರಿ, ಅಮೆರಿಕದ ಇಲಾಖೆಗಳ ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಇ-ಮೇಲ್ ಕಳಿಸಿ ತೆಗೆದುಹಾಕಿದರು. ಇವರು ಪೊಲೀಸರಲ್ಲ. ಇಲಾಖೆಯೊಳಗೇ ಕುಳಿತು ವಂಚನೆ, ದುಂದುವೆಚ್ಚ ಪತ್ತೆ ಮಾಡುವುದೇ ಇವರ ಕೆಲಸ. ಅಂದರೆ ನನ್ನಂಥವರು, ನನಗಿಂತ ಬಹಳ ದೊಡ್ಡ ಮೇಜಿನವರು. ತೆಗೆಯುವ 30 ದಿನ ಮೊದಲು ಅಲ್ಲಿನ ಸಂಸತ್ತಿಗೆ ಕಾರಣ ತಿಳಿಸಬೇಕೆಂದು ಕಾನೂನಿದೆ, ತಿಳಿಸಲಿಲ್ಲ. ಮುಂದೆ ನ್ಯಾಯಾಲಯವೂ ಅದು ಕಾನೂನುಬಾಹಿರ ಎಂದಿತು, ಆದರೆ ಯಾರನ್ನೂ ವಾಪಸು ಕೂರಿಸಲಿಲ್ಲ.

ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಇನ್‌ಸ್ಪೆಕ್ಟರ್ ಜನರಲ್ ಪಾಲ್ ಮಾರ್ಟಿನ್ ಅವರ ಕಥೆ ಇನ್ನೂ ಚೆನ್ನಾಗಿದೆ. ನೌಕರರನ್ನು ಮನೆಗೆ ಕಳಿಸಿ ಹಣ ತಡೆಹಿಡಿದದ್ದರಿಂದ ಬಂದರುಗಳಲ್ಲಿ, ಗೋದಾಮುಗಳಲ್ಲಿ, ದಾರಿಯಲ್ಲಿ ಇರುವ 48.9 ಕೋಟಿ ಡಾಲರ್ ಮೌಲ್ಯದ ಆಹಾರ ಕೊಳೆಯುವ, ಕಳುವಾಗುವ ಅಪಾಯವಿದೆ ಎಂದು ಅವರ ಕಚೇರಿ ಫೆಬ್ರುವರಿ 10ರಂದು ವರದಿ ಕೊಟ್ಟಿತು. ಮರುದಿನ ಅವರನ್ನು ವಜಾ ಮಾಡಿದರು. ಈ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಉಳಿತಾಯದ ಹೆಸರಿನಲ್ಲಿ ಆದ ನಷ್ಟವನ್ನು ಲೆಕ್ಕ ಹಾಕಿ ತೋರಿಸಿದವನ ಕೆಲಸ ಹೋಯಿತು. ನನ್ನ ಆಕ್ಷೇಪಣೆಗಳಿಗೆ ಪಂಚಾಯಿತಿ ಅಧ್ಯಕ್ಷರು ಬೈದಿದ್ದಾರೆ, ಊಟ ಹಾಕದೆ ಕಳಿಸಿದ್ದಾರೆ, ಒಬ್ಬ ಸದಸ್ಯರಂತೂ ಜೀಪಿನ ಚಕ್ರದ ಗಾಳಿ ಬಿಡಿಸಿದ್ದರು. ವರದಿ ಬರೆದ ಮರುದಿನ ಮನೆಗೆ ಕಳಿಸುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ. ಸಂವಿಧಾನದ 311ನೇ ವಿಧಿ ನಮ್ಮ ಬೆನ್ನಿಗಿತ್ತು. ವಿಚಾರಣೆಯಿಲ್ಲದೆ ಕೀಳುವಂತಿಲ್ಲ. ಇದನ್ನೇ ನೀವು "ಸೋಮಾರಿಗಳಿಗೆ ರಕ್ಷಣೆ" ಎನ್ನುತ್ತೀರಿ. ಹೌದು, ಸೋಮಾರಿಗೂ ಅದು ರಕ್ಷಣೆ. ಅಧ್ಯಕ್ಷರ ಬಾಮೈದನ ಬಿಲ್ಲಿಗೆ ತಡೆ ಹಾಕುವವನಿಗೂ ಅದೇ ರಕ್ಷಣೆ.

ಹಾಗಾದರೆ ದುಂದು ಇಲ್ಲವೇ ಎಂದು ಕೇಳುತ್ತೀರಿ. ಇದ್ದೇ ಇದೆ, ಧಾರಾಳವಾಗಿದೆ. ಅಮೆರಿಕದಲ್ಲೂ ಇದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ನಮ್ಮ ಸಿಎಜಿಯಂಥ ಸಂಸ್ಥೆಯೊಂದು ಅಲ್ಲಿ 1921ರಿಂದ ಕೆಲಸ ಮಾಡುತ್ತಿದೆ, ಅದೇ 2024ರ ಹಣಕಾಸು ವರ್ಷದಲ್ಲಿ 16,200 ಕೋಟಿ ಡಾಲರ್ ಅನುಚಿತ ಪಾವತಿ ಆಗಿದೆಯೆಂದು ಅಂದಾಜು ಮಾಡಿತು. ಅದರ ಬಹುಪಾಲು ಆರೋಗ್ಯ ವಿಮೆಯಂಥ ಕೆಲವೇ ದೊಡ್ಡ ಯೋಜನೆಗಳ ಪಾವತಿಯಲ್ಲಿ. ಸೋರಿಕೆ ಎಲ್ಲಿ ಎಂದು ಲೆಕ್ಕಿಗರು ಬೆರಳಿಟ್ಟು ತೋರಿಸಿದ್ದರು. ಅದನ್ನು ಬಿಟ್ಟು ಇವರು ಕೈ ಹಾಕಿದ್ದು ನೌಕರರ ಮೇಲೆ. ಅಲ್ಲಿನ ನಾಗರಿಕ ನೌಕರರ ಸಂಬಳ, ಸೌಲಭ್ಯ ಎಲ್ಲ ಸೇರಿಸಿದರೂ ಕೇಂದ್ರದ ಒಟ್ಟು ಖರ್ಚಿನ ಶೇ 5ರ ಆಸುಪಾಸು. ಎಲ್ಲರನ್ನೂ ಮನೆಗೆ ಕಳಿಸಿ ಬೀಗ ಜಡಿದರೂ ಉಳಿದ ಶೇ 95 ಹಾಗೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಮತ್ತೆ ತೆಗೆದದ್ದು ಯಾರನ್ನು? ಪ್ರೊಬೇಷನ್‌ನಲ್ಲಿದ್ದವರನ್ನು, ಏಕೆಂದರೆ ಅವರನ್ನು ತೆಗೆಯುವುದು ಸುಲಭ. ಅದರಲ್ಲಿ ಹೊಸಬರಷ್ಟೇ ಇರಲಿಲ್ಲ, ಚೆನ್ನಾಗಿ ಕೆಲಸ ಮಾಡಿ ಹೊಸದಾಗಿ ಬಡ್ತಿ ಪಡೆದವರೂ ಇದ್ದರು. ನಿಮ್ಮ ಕಾರ್ಯಕ್ಷಮತೆ ಸಾಲದು ಎಂಬ ಒಂದೇ ಒಕ್ಕಣೆಯ ಪತ್ರ ಸಾವಿರಾರು ಜನಕ್ಕೆ ಹೋಯಿತು. ಅದು ಸುಳ್ಳು ಕಾರಣ ಎಂದು ವಿಲಿಯಂ ಆಲ್ಸಪ್ ಎಂಬ ನ್ಯಾಯಾಧೀಶರು ಛೀಮಾರಿ ಹಾಕಿ ವಾಪಸು ತೆಗೆದುಕೊಳ್ಳಿ ಎಂದರು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಅದು ಬೇರೆ ಮಾತು. ತೆರಿಗೆ ಇಲಾಖೆಯಲ್ಲಿ ಆರೇಳು ಸಾವಿರ ಜನ ಹೋದರು. ತೆರಿಗೆ ವಸೂಲಿ ಮಾಡುವವರನ್ನು ತೆಗೆದು ಬೊಕ್ಕಸ ತುಂಬಿಸುವ ಈ ವಿದ್ಯೆ ನನ್ನ ಸರ್ವಿಸಿನಲ್ಲಿ ಎಲ್ಲೂ ಕಂಡಿರಲಿಲ್ಲ. ಅಣ್ವಸ್ತ್ರಗಳ ಉಸ್ತುವಾರಿ ನೋಡುವ ಸಂಸ್ಥೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ತೆಗೆದು, ಅವರು ಏನು ಕೆಲಸ ಮಾಡುತ್ತಿದ್ದರೆಂದು ಆಮೇಲೆ ತಿಳಿದು, ವಾಪಸು ಕರೆಯಲು ಹೋದರೆ ಅವರ ಇ-ಮೇಲ್ ಖಾತೆಗಳನ್ನೇ ಮುಚ್ಚಿಬಿಟ್ಟಿದ್ದರು. ಹಕ್ಕಿಜ್ವರ ನೋಡಿಕೊಳ್ಳುತ್ತಿದ್ದವರದೂ ಅದೇ ಪಾಡು. ಮೊದಲು ಕತ್ತರಿಸು, ಆಮೇಲೆ ಅದು ಏನೆಂದು ನೋಡು.

ಒಂದು ಶನಿವಾರ ಅಲ್ಲಿನ ನೌಕರರಿಗೆ ಇನ್ನೊಂದು ಇ-ಮೇಲ್ ಬಂತು. ಕಳೆದ ವಾರ ಮಾಡಿದ ಐದು ಕೆಲಸ ಬರೆದು ಕಳಿಸಿ ಎಂದು. ಇದನ್ನು ಓದಿದಾಗ ನನಗೆ ನೆನಪಾದದ್ದು ಚಿತ್ರದುರ್ಗ ಜಿಲ್ಲೆಯ ಒಂದು ಪಂಚಾಯಿತಿಯ ನೀರುಗಂಟಿ. ಊರಿನ ಹೆಸರು ಬೇಡ. ಅವನು ಉತ್ತರ ಬರೆದಿದ್ದರೆ ಹೀಗಿರುತ್ತಿತ್ತು: ಸೋಮವಾರ ವಾಲ್ವ್ ತಿರುಗಿಸಿದೆ. ಮಂಗಳವಾರ ವಾಲ್ವ್ ತಿರುಗಿಸಿದೆ. ಬುಧವಾರ ಕರೆಂಟ್ ಇರಲಿಲ್ಲ, ರಾತ್ರಿ ಎರಡಕ್ಕೆ ಬಂತು, ಎದ್ದು ಹೋಗಿ ಮೋಟಾರು ಹಾಕಿ ವಾಲ್ವ್ ತಿರುಗಿಸಿದೆ. ಇದನ್ನು ಓದುವ ಇಪ್ಪತ್ತೆರಡು ವರ್ಷದ ಕಂಪ್ಯೂಟರ್ ಹುಡುಗ ಏನು ತೀರ್ಮಾನಿಸುತ್ತಾನೆ ಎಂದು ನಿಮಗೆ ಬಿಡಿಸಿ ಹೇಳಬೇಕೇ?

ಆ ಊರಿಗೆ ನಾನು ಹೋದದ್ದು ಒಂದು ಚರಂಡಿಯ ಲೆಕ್ಕಕ್ಕೆ. ಅಳತೆ ಪುಸ್ತಕದಲ್ಲಿ 140 ಮೀಟರ್ ಕಲ್ಲುಕಟ್ಟಡ, ಸಿಮೆಂಟ್ ಗಾರೆ, ಮುಚ್ಚುಕಲ್ಲು ಎಲ್ಲ ಇತ್ತು, ಸಹಿ, ಮೊಹರು, ಮೇಲುಸಹಿ. ಬಿಲ್ಲು ಪಾವತಿಯಾಗಿತ್ತು. ಓಚರು ನೋಡಿ ಸುಮ್ಮನಾಗಬಹುದಿತ್ತು, ನಡೆಯಿರಿ ನೋಡೋಣ ಎಂದೆ. ಟೇಪು ತಂದು ಒಂದು ತುದಿ ನೀರುಗಂಟಿಯ ಕೈಗೆ ಕೊಟ್ಟೆ. ಮಳೆಗಾಲ ಮುಗಿದ ಹೊಸತು, ಚರಂಡಿಯಲ್ಲಿ ಕಪ್ಪು ನೀರು. ಅವನು ಚಪ್ಪಲಿ ಬಿಟ್ಟು ಅಂಚಿನ ಮೇಲೆ ನಡೆಯುತ್ತಾ ಹೋದ. 88 ಮೀಟರಿಗೆ ಓಣಿಯೇ ಮುಗಿಯಿತು. ಮುಂದೆ ಆಂಜನೇಯನ ಗುಡಿಯ ಕಟ್ಟೆ, ಅದರ ಹಿಂದೆ ಶೇಂಗಾ ಹೊಲ. "ಮುಂದಕ್ಕೆ ತಿರುಗಿದೆ ಸಾರ್" ಎಂದರು ಎಂಜಿನಿಯರು. ಎಲ್ಲಿಗೆ ತಿರುಗಿದೆ, ಹೊಲದೊಳಕ್ಕೋ? ನೀರುಗಂಟಿ ನೆಲ ನೋಡುತ್ತಾ ನಿಂತಿದ್ದ, ಟೇಪಿನ ತುದಿ ಮಾತ್ರ ಬಿಟ್ಟಿರಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ ಅವನೇ ಬಂದು ಮೆಲ್ಲಗೆ ಕೇಳಿದ, ತನ್ನ ಸಂಬಳ ತಿಂಗಳುಗಟ್ಟಲೆ ಆಗಿಲ್ಲ, ಸಾಹೇಬರ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಬರೆಯಲು ಆಗುತ್ತದೆಯೇ ಎಂದು.

ಬರೆದೆ. ಎರಡನ್ನೂ ಬರೆದೆ. ಮುಂದಿನ ವರ್ಷ ಮಿತವ್ಯಯದ ಸುತ್ತೋಲೆ ಬಂದಾಗ ಆ ಪಂಚಾಯಿತಿ ಮಾಡಿದ ಉಳಿತಾಯ ಏನು ಗೊತ್ತೇ? ಹೆಚ್ಚುವರಿ ಎಂದು ಇಬ್ಬರು ನೀರುಗಂಟಿಗಳನ್ನು ಕೈಬಿಟ್ಟಿತು. ಇಲ್ಲದ 52 ಮೀಟರ್ ಚರಂಡಿಯ ಬಗ್ಗೆ ನಾನು ಬರೆದ ಆಕ್ಷೇಪಣೆಯ ಕಂಡಿಕೆ ನಾನು ನಿವೃತ್ತನಾಗುವವರೆಗೂ "ಅನುಪಾಲನೆ ನಿರೀಕ್ಷಿಸಿದೆ" ಎಂದೇ ಇತ್ತು, ಅಂದರೆ ಸರಿಪಡಿಸಿದ್ದೇವೆ ಎಂಬ ಉತ್ತರ ಬರಲೇ ಇಲ್ಲ.

ಇಲ್ಲಿ ನನ್ನ ಮನೆಯ ವಿಷಯವೊಂದನ್ನು ಹೇಳಬೇಕು. ನಮ್ಮ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಯಾರೂ ಅವರಿಗೆ ಐದು ಕೆಲಸ ಬರೆದು ಕೊಡಿ ಎಂದೂ ಕೇಳಲಿಲ್ಲ, ಗೇಟಿಗೆ ಬೀಗ ಬಿದ್ದಿತ್ತು. ಆಮೇಲೆ ಅವರು ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆದರು. ನಾನು ಸರ್ಕಾರಿ ಕೆಲಸಕ್ಕೆ ಸೇರಿದ್ದು ದೇಶಸೇವೆಗೆ ಎಂದು ಯಾರಾದರೂ ಅಂದುಕೊಂಡಿದ್ದರೆ ಕ್ಷಮಿಸಿ, ಆ ಬೀಗದ ಹೆದರಿಕೆಗೆ ಸೇರಿದ್ದು. ನನ್ನ ತಮ್ಮನಿಗೆ ಆ ಅದೃಷ್ಟ ಇರಲಿಲ್ಲ. ಖಾಸಗಿಯಲ್ಲಿ ದುಡಿದು, ಎರಡು ಸಲ ಕೆಲಸ ಕಳೆದುಕೊಂಡ. ಹಬ್ಬಕ್ಕೆ ಬಂದಾಗಲೆಲ್ಲ "ನಿನಗೇನು, ಸರ್ಕಾರದ ಅಳಿಯ" ಎನ್ನುತ್ತಾನೆ. ಖಾಸಗಿಯವರನ್ನು ತೆಗೆಯಬಹುದಾದರೆ ಸರ್ಕಾರದವರನ್ನು ಏಕೆ ತೆಗೆಯಬಾರದು ಎಂಬುದು ಅವನ ಪ್ರಶ್ನೆ. ಅವನ ಹೊಟ್ಟೆಯ ಸಂಕಟ ನನಗೆ ಅರ್ಥವಾಗುತ್ತದೆ, ಪ್ರಶ್ನೆ ಒಪ್ಪಿಗೆಯಾಗುವುದಿಲ್ಲ. ಗಿರಣಿ ಮುಚ್ಚಿದರೆ ಊರಿನವರು ಬೇರೆ ಊರಿನ ಬಟ್ಟೆ ಉಟ್ಟರು. ನೀರುಗಂಟಿ ಹೋದರೆ ಯಾವ ಅಂಗಡಿಯಿಂದ ತರುತ್ತೀರಿ? ಭದ್ರಾ ನಾಲೆಯ ಕೊನೆಯಂಚಿನ ರೈತನನ್ನು ಕೇಳಿ. ತೂಬು ಕಾಯುವ ಸೌಡಿಗಳು ಸಾಕಷ್ಟು ಇಲ್ಲದಿದ್ದರೆ ಮೇಲಿನವರೇ ನೀರು ಕುಡಿದು, ಕೆಳಗಿನ ಗದ್ದೆಗೆ ನಾಲೆಯ ಪಾಚಿ ಮಾತ್ರ ಬರುತ್ತದೆ.

ಸರ್ಕಾರಿ ನೌಕರರು ಲಂಚ ತಿನ್ನುತ್ತಾರೆ, ಮಧ್ಯಾಹ್ನ ಮೂರಕ್ಕೆ ಚಹಾಕ್ಕೆ ಹೋದವರು ನಾಲ್ಕೂವರೆಗೂ ಬರುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ಅವರಿಂದ ವಸೂಲಿ ಬರೆದವನಿಗೇ ಹೇಳುತ್ತಿದ್ದೀರಿ. ಆದರೆ ಸಾರಾಸಗಟಾಗಿ ಕಿತ್ತುಹಾಕಿದಾಗ ಲಂಚಕೋರ ಹೋದದ್ದನ್ನು ನಾನಂತೂ ಕಂಡಿಲ್ಲ. ಲಂಚಕೋರನಿಗೆ ಶಾಸಕರ ಪರಿಚಯವಿರುತ್ತದೆ. ನೀರುಗಂಟಿಗೆ ವಾಲ್ವಿನ ಪರಿಚಯ ಮಾತ್ರ. 2003ರಲ್ಲಿ ತಮಿಳುನಾಡಿನಲ್ಲಿ ಜಯಲಲಿತಾ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನು ಒಂದೇ ಏಟಿಗೆ ವಜಾ ಮಾಡಿದರು. ಆಗಲೂ ನಮ್ಮ ಊರಿನ ಚಹಾ ಅಂಗಡಿಗಳಲ್ಲಿ "ಹೆಂಗಸಾದರೂ ಗಂಡೆದೆ" ಎಂದು ಹೊಗಳಿದ್ದೇ ಹೊಗಳಿದ್ದು. ಮುಷ್ಕರ ಮೂಲಭೂತ ಹಕ್ಕಲ್ಲ ಎಂದ ಸುಪ್ರೀಂ ಕೋರ್ಟೇ ಬಹುತೇಕರನ್ನು ವಾಪಸು ತೆಗೆದುಕೊಳ್ಳುವಂತೆ ಮಾಡಿತು. ಅದರಿಂದ ಆಡಳಿತ ಚುರುಕಾಯಿತೆಂದು ಯಾರೂ ಹೇಳಿದ್ದು ಕೇಳಿಲ್ಲ. 2021ರ ಏಪ್ರಿಲ್‌ನಲ್ಲಿ ನಮ್ಮ ಸಾರಿಗೆ ನೌಕರರ ಮುಷ್ಕರದಲ್ಲೂ ವಜಾ, ಅಮಾನತು, ವರ್ಗ ಎಲ್ಲ ಆಯಿತು. ಬಸ್ಸುಗಳು ಆಮೇಲೆ ಹೊತ್ತಿಗೆ ಸರಿಯಾಗಿ ಬರತೊಡಗಿದವೇ, ನೀವೇ ಹೇಳಿ.

ಅಮೆರಿಕದ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ಅದು ಯಾವ ಗುಂಪಿನಲ್ಲೂ ಬಂದಿಲ್ಲ. ಮಸ್ಕ್ ಮೇ ಅಂತ್ಯಕ್ಕೆ ಹೊರಟುಹೋದರು. 2025ರಲ್ಲಿ ಸುಮಾರು 3 ಲಕ್ಷ ನೌಕರರು ಹೊರಗೆ ಹೋದರು. ಆ ಹಣಕಾಸು ವರ್ಷದಲ್ಲಿ ಕೇಂದ್ರ ಸರ್ಕಾರದ ಖರ್ಚು 6.75 ಲಕ್ಷ ಕೋಟಿ ಡಾಲರ್‌ನಿಂದ 7 ಲಕ್ಷ ಕೋಟಿಗೆ ಏರಿತು. ಇಳಿಯಲಿಲ್ಲ, ಏರಿತು. ಎಲ್ಲ ಉಳಿತಾಯವೂ ಒಂದೇ ವರ್ಷದಲ್ಲಿ ಕಾಣುವುದಿಲ್ಲ ಎಂದು ಯಾರಾದರೂ ವಾದಿಸಬಹುದು. ಕಾಣದ ಉಳಿತಾಯವನ್ನು ನಾನು ಯಾವ ನಗದು ಪುಸ್ತಕದಲ್ಲೂ ಜಮಾ ತೆಗೆದುಕೊಂಡವನಲ್ಲ.

ನಮ್ಮಲ್ಲಿ ಗರಗಸದ ಅಗತ್ಯವೇ ಬಿದ್ದಿಲ್ಲ. ಹುದ್ದೆ ತುಂಬದೆ ಬಿಟ್ಟರೆ ಸಾಕು, ಸದ್ದಿಲ್ಲದೆ ಅದೇ ಕೆಲಸ ಆಗುತ್ತದೆ. ಶಾಲೆಗೆ ಅತಿಥಿ ಶಿಕ್ಷಕರು, ಆಸ್ಪತ್ರೆಗೆ ಗುತ್ತಿಗೆಯ ನರ್ಸು, ಕಚೇರಿಗೆ ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗಿ. ಅವರನ್ನು ತೆಗೆಯಲು ಇ-ಮೇಲೂ ಬೇಡ, ಮಾರ್ಚ್ 31 ಬಂದರೆ ಆಯಿತು. 311ನೇ ವಿಧಿ ಅವರ ಓಣಿಗೆ ಬರುವುದಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಚಳಿಯಲ್ಲಿ ರಸ್ತೆಯಲ್ಲಿ ಮಲಗಿ ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಭರವಸೆ ಸಿಕ್ಕಿದ್ದು ಹತ್ತು ಸಾವಿರದ್ದು. ಅದನ್ನು ದುಂದು ಎಂದವರನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕಿಟಕಿಯಲ್ಲಿದ್ದ ಆ ಹೆಣ್ಣುಮಗಳೂ ಹೊರಗುತ್ತಿಗೆಯವರೇ ಎಂದು ನಂತರ ತಿಳಿಯಿತು. ಗರಿಗರಿ ಅಂಗಿಯವರ ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋಗಿದ್ದನ್ನು ಅವರೇ ಗಮನಿಸಿ, ವಾಪಸು ಕಳಿಸದೆ, ಅಲ್ಲೇ ಪೆನ್ನು ಕೊಟ್ಟು ಹಾಕಿಸಿಕೊಂಡರು. ಥ್ಯಾಂಕ್ಸ್ ಎಂಬ ಶಬ್ದವೂ ಆ ಬಾಯಿಂದ ಹೊರಡಲಿಲ್ಲ. ಹೋಗಲಿ ಬಿಡಿ.

ದುಂದುವೆಚ್ಚದ ಮೇಲೆ ನಿಮಗೆ ನಿಜವಾಗಿ ಸಿಟ್ಟಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಪಂಚಾಯಿತಿಯದೋ ಪಾಲಿಕೆಯದೋ ಲೆಕ್ಕಪರಿಶೋಧನಾ ವರದಿ, ಅದಕ್ಕೆ ಕೊಟ್ಟ ಅನುಪಾಲನಾ ವರದಿ, ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಂಡಿಕೆಗಳು ಅರ್ಥವಾಗದಿದ್ದರೆ ನನಗೆ ತಂದುಕೊಡಿ, ಓದಿ ಹೇಳುತ್ತೇನೆ. ಅಳತೆ ಪುಸ್ತಕದ ಪ್ರತಿಯನ್ನೂ ಮರೆಯದೆ ಕೇಳಿ. ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತೇನೆ, ಟೇಪು ನನ್ನ ಹತ್ತಿರ ಇದೆ.